ಬೆಂಗಳೂರಿಗೆ ಬೆನ್ನು ಹಾಕಿದ ಸ್ಟೇಷನ್: ಹೊಸೂರು, 1913–1941

ಹೊಸೂರಿನ ಕನ್ನಡಿಗರ ವಿಷಯ ಬಂದರೆ ನಾವು ಸಾಮಾನ್ಯವಾಗಿ 1956ರಿಂದ ಮಾತು ಶುರು ಮಾಡ್ತೀವಿ. ಭಾಷಾವಾರು ವಿಂಗಡಣೆ ಆಯಿತು, ಊರು ಗಡಿಯ ಆಚೆ ಉಳಿಯಿತು ಅಂತ. ಆ ಗಡಿ ಅದಕ್ಕೆ ಬಹಳ ಮೊದಲೇ ಜನರ ಓಡಾಟದ ದಿಕ್ಕಿನ ಮೇಲೆ ಕೈಯಾಡಿಸಿತ್ತು. ಅದಕ್ಕೆ ಸಾಕ್ಷಿಯಾಗಿ 28 ವರ್ಷವಷ್ಟೇ ಬದುಕಿದ ಒಂದು ರೈಲು ನಿಲ್ದಾಣವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಾರಾಮಹಲ್ ಪ್ರದೇಶ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಹೊಸೂರು ಸೀಮೆ 1799ರಲ್ಲಿ, ಟಿಪ್ಪು ಮಡಿದ ಮೇಲೆ. ಮುಂದೆ ಅದು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯ ತಾಲ್ಲೂಕು.

1876–78ರ ಕ್ಷಾಮ ಈ ಜಿಲ್ಲೆಯನ್ನು ಹಿಂಡಿಹಾಕಿತು. 1880ರ ಕ್ಷಾಮ ಆಯೋಗದ ನಂತರ, ಲಾಭ ಬರದಿದ್ದರೂ ಸರಿ, ಬರಪೀಡಿತ ಸೀಮೆಗೆ ಕಾಳು ಮುಟ್ಟಿಸಲು ಹಳಿ ಹಾಕಬೇಕು ಅನ್ನೋ ನೀತಿ ಬಂತು. ಸೇಲಂ ಜಿಲ್ಲೆಗೆ ಇಂಥ ಎರಡು ಚಿಕ್ಕ ಮಾರ್ಗ ಸಿಕ್ಕವು: ತಿರುಪ್ಪತ್ತೂರು–ಕೃಷ್ಣಗಿರಿ 1905ರಲ್ಲಿ, ಮೊರಪ್ಪೂರು–ಧರ್ಮಪುರಿ 1906ರಲ್ಲಿ. ಎರಡನೆಯದನ್ನು 1913ರಲ್ಲಿ ಹೊಸೂರಿನವರೆಗೆ ಎಳೆದರು. ಅಲ್ಲಿಗೆ ನಿಲ್ಲಿಸಿದರು.

ನನಗೆ ಮುಖ್ಯ ಅನಿಸೋದು ಈ ನಿಲ್ಲಿಸಿದ್ದೇ. ಬೆಂಗಳೂರು ಅಲ್ಲಿಂದ ಸುಮಾರು 40 ಕಿಲೋಮೀಟರ್. ದಂಡುಪ್ರದೇಶಕ್ಕೆ 1864ರಲ್ಲೇ ರೈಲು ಬಂದಿತ್ತು. ಆದರೂ ಹೊಸೂರಿನವನು ರೈಲಿನಲ್ಲೇ ಬೆಂಗಳೂರಿಗೆ ಹೋಗ್ತೀನಿ ಅಂದರೆ, ಮೊದಲು ನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಮೊರಪ್ಪೂರಿಗೆ ಇಳಿದು, ಗಾಡಿ ಬದಲಿಸಿ, ಜೋಲಾರಪೇಟೆ ಸುತ್ತಿಕೊಂಡು ಬರಬೇಕು. ಎತ್ತಿನ ಗಾಡಿ ಹೂಡಿಕೊಂಡು ನೇರ ಹೋಗೋದೇ ವಾಸಿ ಅಲ್ಲವೇ? ಸರಕಿನ ಪಾಡೂ ಅಷ್ಟೆ. ಈ ಹಳಿಯ ಅಗಲ 2 ಅಡಿ 6 ಅಂಗುಲ, ಮೊರಪ್ಪೂರಿನ ಮುಖ್ಯ ಮಾರ್ಗದ್ದು 5 ಅಡಿ 6 ಅಂಗುಲ. ಪ್ರತಿ ಮೂಟೆಯನ್ನೂ ಅಲ್ಲಿ ಇಳಿಸಿ ಮತ್ತೆ ಹೇರಬೇಕು.

ದಂಡುಪ್ರದೇಶ ಬ್ರಿಟಿಷರ ಕೈಯಲ್ಲೇ ಇತ್ತಲ್ಲ, ಗಡಿ ಹೇಗೆ ಅಡ್ಡ ಬಂತು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಓದು ಇಷ್ಟು: ಯಾರೋ ಕೂತು ಬೆಂಗಳೂರನ್ನು ದೂರ ಇಟ್ಟರು ಅನ್ನಬೇಕಿಲ್ಲ. ಹಳಿ ಬಿದ್ದದ್ದು ಒಂದು ಜಿಲ್ಲೆಯ ಬರದ ಲೆಕ್ಕದಲ್ಲಿ. ಮೈಸೂರು ಸೀಮೆಯ ಸಂತೆ, ನೆಂಟಸ್ತನ ಆ ಲೆಕ್ಕದ ಪುಸ್ತಕಕ್ಕೇ ಸೇರಿರಲಿಲ್ಲ.

ಮೋಟಾರು ಬಸ್ಸುಗಳ ಕಾಲ ಬಂದಮೇಲೆ ಇಂಥ ಮಾರ್ಗ ಉಳಿಯೋದು ಕಷ್ಟವೇ. ಯುದ್ಧದ ನಡುವೆ, 1941ರಲ್ಲಿ ಮುಚ್ಚಿ ಹಳಿ ಕಿತ್ತರು. ಹೊಸೂರಿಗೆ ಮತ್ತೆ ರೈಲು ಬಂದದ್ದು ಸ್ವಾತಂತ್ರ್ಯದ ನಂತರ, ಬೆಂಗಳೂರು–ಸೇಲಂ ಮಾರ್ಗವಾಗಿ. ಕೆಲಮಂಗಲ, ರಾಯಕೋಟೆ, ಪಾಲಕೋಡು, ಧರ್ಮಪುರಿ ಎಲ್ಲ ಈ ಮಾರ್ಗದಲ್ಲಿವೆ. ಈ ಸಲ ಇನ್ನೊಂದು ತುದಿ ಬೆಂಗಳೂರು.

1941ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಕೆಲಮಂಗಲ, ಡೆಂಕಣಿಕೋಟೆ ಕಡೆ ಕ್ಷೇತ್ರಕಾರ್ಯಕ್ಕೆ ಹೋಗೋರು ದಯವಿಟ್ಟು ಈ ಪ್ರಶ್ನೆಗಳನ್ನೂ ಸೇರಿಸಿಕೊಳ್ಳಿ: ಆಗ ಸಂತೆಗೆ ಯಾವ ಕಡೆ ಹೋಗ್ತಿದ್ದರು, ಹೆಣ್ಣು ಯಾವ ಕಡೆ ಕೊಡ್ತಿದ್ದರು, ರೈಲಿನಲ್ಲೋ ಗಾಡಿಯಲ್ಲೋ? ಉತ್ತರ ಕನ್ನಡದಲ್ಲಿ ಬರಲಿ, ತೆಲುಗು ತಮಿಳಿನಲ್ಲಿ ಬರಲಿ, ಹೇಳಿದ ಹಾಗೇ ಬರೆದುಕೊಳ್ಳಿ.