ನಿಡುಗಲ್ಲಿನ ಬಸದಿ: ಅಡಿಕೆ, ಎಣ್ಣೆ ಮತ್ತು ಯತಿಪರಂಪರೆ

ಪಾವಗಡ ತಾಲೂಕಿನ ನಿಡುಗಲ್ಲು ಇಂದು ಬೆಟ್ಟದ ಬುಡದ ಸಣ್ಣ ಹಳ್ಳಿ. ಹದಿಮೂರನೆಯ ಶತಮಾನದಲ್ಲಿ ಅದು ಕರಿಕಾಲ ಚೋಳನ ವಂಶಜರೆಂದು ಹೇಳಿಕೊಳ್ಳುತ್ತಿದ್ದ ಅರಸುಮನೆತನವೊಂದರ ದುರ್ಗ. ಈ ಮನೆತನದ ಆಶ್ರಯದಲ್ಲಿ ಬೆಳೆದ ಜೈನ ಬಸದಿಗಳ ಚರಿತ್ರೆಯನ್ನು ಅರಸರ ಔದಾರ್ಯದ ಕತೆಯಾಗಿ ಓದುವುದು ರೂಢಿ. ಶಾಸನಗಳನ್ನೇ ಹಿಡಿದು ನೋಡಿದರೆ ಬಸದಿಗಳ ದಿನನಿತ್ಯದ ಬದುಕಿಗೆ ಒಕ್ಕಲಿಗರ, ಗಾಣಿಗರ, ಸೆಟ್ಟಿಗಳ ಕೊಡುಗೆಯೂ ಅಷ್ಟೇ ದೊಡ್ಡ ಆಸರೆಯಾಗಿತ್ತು ಎಂಬುದು ಈ ಲೇಖನದ ಪ್ರತಿಪಾದನೆ.

ಇದು ಈವರೆಗೆ ಮಸುಕಾಗಿರಲು ಒಂದು ಕಾರಣ ಗಡಿರೇಖೆ. ಪಾವಗಡ ಮೈಸೂರು ಸಂಸ್ಥಾನದಲ್ಲಿತ್ತು. ಅದರ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ ಪ್ರಕಟಿಸಿದರು. ಪಕ್ಕದ ಮಡಕಶಿರಾ ಸೀಮೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅರಸರ ಹಿಂದಿನ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದು ಅಲ್ಲಿಯೇ. ಹೀಗೆ ಒಂದೇ ನಾಡಿನ ಆಧಾರಗಳು ಎರಡು ಕಡೆ ಹಂಚಿಹೋದವು. 1957ರಲ್ಲಿ ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮದ ಕುರಿತ ತಮ್ಮ ಗ್ರಂಥದಲ್ಲಿ ಇವನ್ನು ಒಟ್ಟಿಗಿಟ್ಟು ನೋಡುವ ದಾರಿ ತೆರೆದರು.

ಈ ಬಸದಿಗಳ ಗುರುಪರಂಪರೆಯ ಮೊದಲ ಗಟ್ಟಿ ಸುಳಿವು ಮಡಕಶಿರಾ ಸೀಮೆಯ ಪಾತಶಿವರದ ಕಂಬದ ಶಾಸನ. 1185ರಲ್ಲಿ ತೀರಿಕೊಂಡ ಪದ್ಮಪ್ರಭ ಮಲಧಾರಿದೇವನನ್ನೂ ಅವನ ಗುರು ವೀರನಂದಿ ಸಿದ್ಧಾಂತಚಕ್ರವರ್ತಿಯನ್ನೂ ಅದು ಹೆಸರಿಸುತ್ತದೆ. ಕುಂದಕುಂದರ ನಿಯಮಸಾರಕ್ಕೆ ತಾತ್ಪರ್ಯವೃತ್ತಿ ಎಂಬ ಸಂಸ್ಕೃತ ಟೀಕೆ ಬರೆದವನು ಈ ಪದ್ಮಪ್ರಭನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಳೆ ಕಡಿಮೆಯ ಈ ಕಲ್ಲುಗುಡ್ಡಗಳ ಸೀಮೆ ಶಾಸ್ತ್ರಚಿಂತನೆಯ ನೆಲೆಯೂ ಆಗಿತ್ತು.

ಅದೇ ಪರಂಪರೆಯ ನೇಮಿಪಂಡಿತನಿಂದ ಶ್ರಾವಕವ್ರತ ಪಡೆದ ಗಂಗೇಯನ ಮಾರೆಯ ನಿಡುಗಲ್ಲು ಬೆಟ್ಟದ ಮೇಲೆ ಪಾರ್ಶ್ವಜಿನ ಬಸದಿ ಕಟ್ಟಿಸಿದ. ಇದನ್ನು ಹೇಳುವ ಶಾಸನ 1232ರದು. ಬಸದಿಗೆ ಜೋಗವಟ್ಟಿಗೆ ಬಸದಿ ಎಂಬ ಹೆಸರೂ ಇತ್ತು. ಮಾರೆಯನ ಬಿನ್ನಹದ ಮೇರೆಗೆ ಅರಸ ಇರುಂಗೋಳದೇವ ಭೂಮಿ ಬಿಟ್ಟ. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಒಕ್ಕಲುಗಳು ಅಡಿಕೆ, ವೀಳ್ಯದೆಲೆ ಕೊಟ್ಟದ್ದನ್ನೂ ಗಾಣದವರು ಎಣ್ಣೆ ಬಿಟ್ಟದ್ದನ್ನೂ ಅರಸನ ದತ್ತಿಯ ಜೊತೆಗೇ ಕಲ್ಲಿನಲ್ಲಿ ಕೆತ್ತಲಾಗಿದೆ.

ಮಡಕಶಿರಾ ಸೀಮೆಯ ಅಮರಾಪುರದ 1278ರ ಶಾಸನ ಈ ಮಾತನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಬಾಲೇಂದು ಮಲಧಾರಿಯ ಶಿಷ್ಯ ಮಲ್ಲಿಸೆಟ್ಟಿ ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ 2,000 ಅಡಿಕೆ ಮರಗಳನ್ನು ದತ್ತಿ ಬಿಟ್ಟ. ಅದರ ಹುಟ್ಟುವಳಿಯಿಂದ ಬಸದಿಯನ್ನು ತಳಪಾಯದಿಂದ ಶಿಖರದವರೆಗೆ ಕಲ್ಲಿನಲ್ಲಿ ಕಟ್ಟಬೇಕೆಂಬುದು ವಿಧಿ. ಮಹಾಮಂಟಪ, ಗೋಪುರ, ಮಾನಸ್ತಂಭ, ಮಕರತೋರಣಗಳೂ ಆ ಯೋಜನೆಯಲ್ಲಿದ್ದವು. ಅಡಿಕೆಗೆ ನಿರಂತರ ನೀರು ಬೇಕು. ಕೆರೆಕಟ್ಟೆಯ ಆರೈಕೆಯಿಲ್ಲದೆ ಇಂಥ ತೋಟ ಇಲ್ಲಿ ನಿಲ್ಲದು. ಆದ್ದರಿಂದ ಈ ಕಟ್ಟಡದ ಚರಿತ್ರೆ ನೀರಾವರಿಯ ಚರಿತ್ರೆಯೂ ಹೌದು.

ಸರಿಸುಮಾರು ಇದೇ ಯುಗದ ಫ್ರಾನ್ಸಿನೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬರ್ಗಂಡಿಯ ಹಳ್ಳಿಗಾಡಿನಲ್ಲಿ 1118ರಲ್ಲಿ ಸ್ಥಾಪನೆಯಾದ ಫೋಂಟನೆ ಮಠ ಸಿಸ್ಟರ್ಸಿಯನ್ ಪಂಥದ್ದು. ಅಲ್ಲಿ ಮೈಮುರಿದು ದುಡಿಯುವುದೇ ಸನ್ಯಾಸಿಗಳ ನಿಯಮ. ಮಠಕ್ಕೆ ತನ್ನದೇ ಹೊಲ, ತನ್ನದೇ ಕಮ್ಮಾರಶಾಲೆ. ಜೈನ ಮುನಿಗೆ ಅಹಿಂಸೆ ಉಳುಮೆಯನ್ನು ನಿಷೇಧಿಸಿತು, ಅಪರಿಗ್ರಹ ಒಡೆತನವನ್ನು ನಿಷೇಧಿಸಿತು. ಹಾಗಾಗಿ ಇಲ್ಲಿ ದುಡಿಮೆಯೂ ಕೊಡುಗೆಯೂ ಶ್ರಾವಕರ ಮತ್ತು ಊರಿನವರ ಪಾಲಿಗೆ ಬಂದವು. ಯತಿಯ ವ್ರತವೇ ಊರನ್ನು ಬಸದಿಗೆ ಬೆಸೆಯಿತು.

1285ರಲ್ಲಿ ಹೊಯ್ಸಳ ಮೂರನೆಯ ನರಸಿಂಹ ನಿಡುಗಲ್ಲಿನ ಮೇಲೆ ದಂಡೆತ್ತಿ ಬಂದ. ಆದರೆ ಕೋಟೆಯ ಸೋಲುಗೆಲುವಿನಿಂದಷ್ಟೇ ಬಸದಿಗಳ ಏಳುಬೀಳನ್ನು ಅಳೆಯಲಾಗದು. ಗಾಣ, ತೋಟ, ಸಂತೆಗಳು ನಡೆದವೇ ನಿಂತವೇ ಎಂಬುದನ್ನೂ ಕೇಳಬೇಕು. ಅದಕ್ಕಾಗಿ ಪಾವಗಡ, ಶಿರಾ, ಮಧುಗಿರಿ ಮತ್ತು ಮಡಕಶಿರಾದ ಶಾಸನಗಳನ್ನು ಇಂದಿನ ಕೆರೆ ಮತ್ತು ಅಡಿಕೆ ತೋಟಗಳ ನಕ್ಷೆಯೊಡನೆ ಸೇರಿಸಿ ಓದುವ ಸಮೀಕ್ಷೆಯೊಂದನ್ನು ಕರ್ನಾಟಕ ಮತ್ತು ಆಂಧ್ರದ ವಿದ್ವಾಂಸರು ಕೂಡಿ ಕೈಗೊಳ್ಳಬೇಕು.