ಕಳೆದ ಮೇಲೆ ಉಳಿಯುವ ಚಿತ್ರ

ಕೊಯ್ದ ಚಹಾ ಎಲೆಯನ್ನು ತೂಗಿ, ಚೀಲದ ತೂಕವನ್ನು ಕಳೆದು ಲೆಕ್ಕ ಬರೆಯುವ ರೂಢಿ ಚೇರಂಬಾಡಿಯ ಜನರಿಗೆ ಹೊಸದಲ್ಲ. ದೇಹದ ಒಳಗನ್ನು ತೋರಿಸುವ ಚಿತ್ರಗಳ ಚರಿತ್ರೆಯೂ ಬಹುಪಾಲು ಇಂತಹ ಕಳೆಯುವ ಲೆಕ್ಕದಿಂದಲೇ ಬೆಳೆದಿದೆ.

1934ರಲ್ಲಿ ಹಾಲೆಂಡಿನ ವೈದ್ಯ ಝೀಡ್ಸೆಸ್ ದೆ ಪ್ಲಾಂಟೆಸ್ ತಮ್ಮ ಪ್ರಬಂಧದಲ್ಲಿ ಈ ಉಪಾಯವನ್ನು ವಿವರಿಸಿದರು. ಔಷಧ ಕೊಡುವ ಮೊದಲು ತೆಗೆದ ಕ್ಷ-ಕಿರಣ ಚಿತ್ರದ ಕಪ್ಪು-ಬಿಳುಪನ್ನು ತಿರುಗುಮುರುಗು ಮಾಡಿ, ಔಷಧ ಕೊಟ್ಟ ಮೇಲಿನ ಚಿತ್ರದೊಡನೆ ಸರಿಯಾಗಿ ಹೊಂದಿಸಿಟ್ಟರೆ, ಎರಡರಲ್ಲಿಯೂ ಇರುವ ಎಲುಬು ಅಳಿದು ಔಷಧದ ಜಾಡು ಮಾತ್ರ ಉಳಿಯುತ್ತದೆ. ಗಣಕಯಂತ್ರವಿಲ್ಲದ ಕಾಲದಲ್ಲಿ ಫಿಲ್ಮಿನ ಮೇಲೆ ಫಿಲ್ಮಿಟ್ಟು ಮಾಡಿದ ಕೆಲಸವಿದು!

ಎಂ.ಆರ್.ಐ. ಬಂದದ್ದು ಬಹಳ ತಡವಾಗಿ. 1973ರಲ್ಲಿ ಪಾಲ್ ಲಾಟರ್‌ಬರ್ ಮೊದಲ ಚಿತ್ರವನ್ನು ಪ್ರಕಟಿಸಿದರು. 1975ರಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ, ರಿಚರ್ಡ್ ಅರ್ನ್ಸ್ಟ್ ಮೂವರೂ ಸೇರಿ, ಫೂರ್ಯೆ ಗಣಿತದಿಂದ ಚಿತ್ರವನ್ನು ಕಟ್ಟುವ ಮಾರ್ಗವನ್ನು ತೋರಿಸಿದರು. ಇಂದಿನ ಯಂತ್ರಗಳ ಬುನಾದಿಯಲ್ಲಿ ಆ ಗಣಿತವಿದೆ. ಅನಿಲ್ ಕುಮಾರರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ನಮ್ಮ ಸಭೆಗಳಲ್ಲಿ ಈ ಹೆಸರು ಇನ್ನಷ್ಟು ಕೇಳಿಬರಬೇಕು.

1988ರಲ್ಲಿ ಅಮೆರಿಕದಲ್ಲಿ ಗ್ಯಾಡೋಲಿನಿಯಂ ಔಷಧಕ್ಕೆ ಅನುಮತಿ ದೊರೆಯಿತು. ಗಡ್ಡೆಯಿರುವೆಡೆ ಅದು ಸೋರಿ ನಿಂತು ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ತೊಡಕು ಇರುವುದು ಇಲ್ಲಿಯೇ: ಕೊಬ್ಬು, ಕೆಲವು ದಿನಗಳ ಹಿಂದೆ ಸುರಿದ ರಕ್ತ ಇವೂ ಔಷಧವಿಲ್ಲದೆಯೇ ಹಾಗೆಯೇ ಹೊಳೆಯುತ್ತವೆ. ಶಸ್ತ್ರಚಿಕಿತ್ಸೆಯಾದ ರೋಗಿಯಲ್ಲಿ ಕಾಣುವ ಬಿಳುಪು ಉಳಿದ ಗಡ್ಡೆಯೋ, ಬರಿಯ ರಕ್ತವೋ? ಮೊದಲಿನ ಚಿತ್ರವನ್ನು ನಂತರದ್ದರಿಂದ ಗಣಕಯಂತ್ರವು ಬಿಂದುಬಿಂದುವಾಗಿ ಕಳೆದಾಗ ಉಳಿಯುವುದು ಔಷಧ ತಂದ ಬಿಳುಪು ಮಾತ್ರ. ಮತ್ತೊಂದು ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಅದು ದೊಡ್ಡ ಆಧಾರ.

ರೋಗಿ ನಡುವೆ ಅಲುಗಿದರೆ ಲೆಕ್ಕ ಕೆಡುತ್ತದೆ. ಅಂಚಿನಲ್ಲಿ ಇಲ್ಲದ ಬಿಳಿಗೆರೆ ಮೂಡಿ ರೋಗದಂತೆ ತೋರುತ್ತದೆ. ಆದ್ದರಿಂದ ಕಳೆಯುವ ಮೊದಲು ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಹೊಂದಿಸುವ ವಿಧಾನಗಳು ಬೆಳೆದವು.

1990ರ ದಶಕದಲ್ಲಿ ಮಾರ್ಟಿನ್ ಪ್ರಿನ್ಸ್ ಮೊದಲಾದವರು ಇದೇ ಔಷಧದಿಂದ ರಕ್ತನಾಳಗಳ ಚಿತ್ರಣವನ್ನು ಬೆಳೆಸಿದರು. ಅಲ್ಲಿ ಪ್ರತಿ ದೃಷ್ಟಿರೇಖೆಯಲ್ಲಿ ಅತಿ ಹೊಳೆಯುವ ಬಿಂದುವನ್ನಷ್ಟೇ ಆಯ್ದು ಇಡೀ ನಾಳಜಾಲವನ್ನು ಒಂದೇ ನೋಟಕ್ಕೆ ತರುತ್ತಾರೆ. ನೋಡಲು ಬಲು ಅಂದ; ಆದರೆ ನಾಳದೊಳಗಿನ ಸಣ್ಣ ಹೆಪ್ಪು ಸುತ್ತಲಿನ ಹೊಳಪಿನಲ್ಲಿ ಮರೆಯಾಗಬಹುದು. ಅದಕ್ಕಾಗಿಯೇ ಅನುಭವಿ ವೈದ್ಯರು ಮೂಲದ ಪದರಚಿತ್ರಗಳನ್ನೂ ಒಂದೊಂದಾಗಿ ನೋಡಿದ ಮೇಲೆಯೇ ವರದಿಗೆ ಸಹಿ ಹಾಕುತ್ತಾರೆ.