ಗೋಕಾವಿ ನಾಡಿನ ಬಯಲಾಟವೂ ಚಂದ್ರಶೇಖರ ಕಂಬಾರರ ಮಾಧ್ಯಮವ್ಯಾಸಂಗವೂ

೧

ಕರ್ಣಾಟಕದ ವಾಙ್ಮಯಚರಿತ್ರೆಯನ್ನು ಬರೆಯುವವರು ಶಾಸನ, ಓಲೆಯ ಪ್ರತಿ, ಮುದ್ರಿತ ಗ್ರಂಥ ಈ ಮೂರನ್ನೇ ಮುಖ್ಯ ಆಧಾರಗಳೆಂದು ಎಣಿಸುವುದು ರೂಢಿ. ಬರೆದುದು ಉಳಿಯುತ್ತದೆ, ಆಡಿದುದು ಅಳಿಯುತ್ತದೆ ಎಂಬ ಭಾವನೆಯೇ ಈ ರೂಢಿಗೆ ಮೂಲವಾಗಿದೆ. ಆದರೆ ಅಕ್ಷರಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಜನಸಾಮಾನ್ಯರಿಗೆ ವಾರ್ತೆಯನ್ನೂ ನೀತಿಯನ್ನೂ ವಿನೋದವನ್ನೂ ಮುಟ್ಟಿಸುತ್ತಿದ್ದ ಸಾಧನವಾವುದೆಂಬ ಪ್ರಶ್ನೆಗೆ ಈ ಮೂರು ಆಧಾರಗಳಿಂದ ಪೂರ್ಣವಾದ ಉತ್ತರ ದೊರೆಯದು.

ಸಮೂಹಮಾಧ್ಯಮವೆಂಬ ಹೆಸರಿನಿಂದ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ವ್ಯಾಸಂಗವಾದರೂ ಮುದ್ರಣಯಂತ್ರದ ಮಗ್ಗುಲಲ್ಲಿಯೇ ಹುಟ್ಟಿತು. ಕನ್ನಡದಲ್ಲಿ ಅದರ ಚರಿತ್ರೆಯನ್ನು ೧೮೪೩ನೆಯ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಮೊದಲುಮಾಡುವುದು ವಾಡಿಕೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೫೧ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮದ ಬೋಧನೆ ಆರಂಭವಾದಾಗಲೂ ವ್ಯಾಸಂಗದ ವಿಷಯ ವೃತ್ತಪತ್ರಿಕೆಯೇ ಆಗಿದ್ದಿತು. ಇದು ಸಹಜವೇ ಸರಿ. ಆದರೆ ಇದರಿಂದ ಲಾವಣಿ, ಗೀಗೀಪದ, ಸಣ್ಣಾಟ, ಪಾರಿಜಾತ ಮೊದಲಾದವು ಮಾಧ್ಯಮಗಳ ಎಣಿಕೆಯಿಂದ ಹೊರಗುಳಿದು, ‘ಹಳ್ಳಿಯ ಹಾಡು’ಗಳೆಂಬ ಹೆಸರಿನಲ್ಲಿ ಸಾಹಿತ್ಯದ ಅಂಚಿಗೆ ಸರಿದುವು.

ಈ ಲೋಪವನ್ನು ಪತ್ರಿಕೋದ್ಯಮದ ವಿಭಾಗದಿಂದಲ್ಲ, ಕನ್ನಡ ವಿಭಾಗದ ಒಳಗಿನಿಂದ ಸರಿಪಡಿಸಲು ತೊಡಗಿದವರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಡಾ. ಚಂದ್ರಶೇಖರ ಕಂಬಾರರು ಪ್ರಮುಖರು. ಕವಿಗಳೆಂದೂ ನಾಟಕಕಾರರೆಂದೂ ಅವರು ಸುಪ್ರಸಿದ್ಧರು. ಅವರ ವಿದ್ವತ್ತಿನ ಬಾಳು ಆ ಪ್ರಸಿದ್ಧಿಯ ನೆರಳಿನಲ್ಲಿ ಮರೆಯಾಗಿರುವುದರಿಂದ ಅದನ್ನು ಪ್ರತ್ಯೇಕವಾಗಿ ವಿಚಾರಿಸುವುದು ಯುಕ್ತವಾಗಿದೆ.

೨

ಗೋಕಾಕ, ಹುಕ್ಕೇರಿ, ಈಚೆಗೆ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ಮೂಡಲಗಿ, ಇವು ಮೂರೂ ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯ ನೀರುಂಡ ಸೀಮೆಗಳು. ಗೋಕಾಕಕ್ಕೆ ಜನರ ಬಾಯಲ್ಲಿ ಗೋಕಾವಿ ಎಂದು ಹೆಸರು. ಈ ನಾಡಿಗೆ ಯಂತ್ರಯುಗವು ತಡವಾಗಿ ಬಂದಿತೆನ್ನುವಂತಿಲ್ಲ. ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯು ೧೮೮೭ರಲ್ಲಿಯೇ ಕೆಲಸವನ್ನಾರಂಭಿಸಿತು. ಪತ್ರಿಕೆಗೂ ಈ ನಾಡಿನ ಕೊಡುಗೆ ಅಲ್ಪವಲ್ಲ. ೧೯೦೦ರಲ್ಲಿ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಜನಿಸಿದ ಆನಂದಕಂದ ಬೆಟಗೇರಿ ಕೃಷ್ಣಶರ್ಮರು ‘ಜಯಕರ್ನಾಟಕ’ದಲ್ಲಿ ದುಡಿದು, ‘ಜಯಂತಿ’ ಮಾಸಪತ್ರಿಕೆಯನ್ನು ಸ್ವತಃ ನಡಸಿದರು. ಅದೇ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಪತ್ರಕರ್ತರಾಗಿ ದುಡಿದ ಅನುಭವವನ್ನು ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ವಸ್ತುವಾಗಿಸಿಕೊಂಡರು.

ಹೀಗೆ ಗಿರಣಿಯೂ ಪತ್ರಿಕೆಯೂ ಬಂದ ಮೇಲೆಯೂ ಆಟವು ನಿಲ್ಲಲಿಲ್ಲವೆಂಬುದು ಗಮನಾರ್ಹ. ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನು ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಕೃಷ್ಣಪಾರಿಜಾತಕ್ಕೆ ರಂಗದ ರೂಪವನ್ನು ಕೊಟ್ಟನು. ಇದಕ್ಕೆ ಮೂಲವು ಅಪರಾಳ ತಮ್ಮಣ್ಣನ ಕೃತಿಯೆಂದು ಹೇಳುವರು. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಲು ಸತ್ಯಭಾಮೆ ಮುನಿಯುವ ಕಥೆ ಪುರಾಣದ್ದೇ. ಆದರೆ ನಡುನಡುವೆ ಬರುವ ಭಾಗವತನ ಮತ್ತು ದೂತಿಯ ಸಂಭಾಷಣೆಯಿಂದ ದ್ವಾರಕೆಯು ಪ್ರೇಕ್ಷಕರ ಸ್ವಂತ ಊರೇ ಆಗಿಬಿಡುತ್ತದೆ. ಸವತಿಯರ ಜಗಳವು ಊರಿನ ಆಡುಮಾತಿನಲ್ಲಿ ನಡೆಯುವುದರಿಂದ ಕೇಳುವವರಿಗೆ ಅದು ತಮ್ಮ ನೆರೆಮನೆಯ ವಿಚಾರವಾಗುತ್ತದೆ. ಮುಂದೆ ಕೌಜಲಗಿ ನಿಂಗಮ್ಮನು ತನ್ನದೇ ಮೇಳವನ್ನು ಕಟ್ಟಿ ಈ ಆಟವನ್ನು ಊರೂರಿಗೆ ಒಯ್ದಳು. ಸ್ತ್ರೀಯರು ರಂಗವೇರುವುದೇ ಅಪರೂಪವಾಗಿದ್ದ ಕಾಲದಲ್ಲಿ ಸತ್ಯಭಾಮೆಯ ಮಾತನ್ನು ಹೆಣ್ಣೊಬ್ಬಳ ಬಾಯಿಂದಲೇ ಕೇಳುವಂತಾದುದು ಸಾಮಾನ್ಯ ಸಂಗತಿಯಲ್ಲ.

೩

ಆಟಹಾಡುಗಳು ವಾರ್ತಾಪತ್ರಿಕೆಯ ಕೆಲಸವನ್ನೂ ಮಾಡುತ್ತಿದ್ದುವೆಂಬುದಕ್ಕೆ ಲಿಖಿತ ಸಾಕ್ಷ್ಯವೇ ಇದೆ. ಶಾಸನಸಂಶೋಧಕರೆಂದು ವಿಖ್ಯಾತರಾದ ಜೆ. ಎಫ್. ಫ್ಲೀಟರು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಧಿಕಾರಿಗಳಾಗಿದ್ದಾಗ ಸಂಗ್ರಹಿಸಿದ ಲಾವಣಿಗಳನ್ನು ೧೮೮೫ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ೧೮೩೧ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ದಂಗೆ, ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ತಿರುಗಿಬಿದ್ದ ಹಲಗಲಿ ಬೇಡರ ಹೋರಾಟ, ಸರಕಾರವು ವಿಧಿಸಿದ ಆದಾಯತೆರಿಗೆ, ಸಂಗ್ಯಾನ ಕೊಲೆ, ಇವು ಆ ಲಾವಣಿಗಳ ವಸ್ತುಗಳು. ಯುದ್ಧ, ತೆರಿಗೆ, ಅಪರಾಧ ಈ ಮೂರೂ ಇಂದಿನ ಪತ್ರಿಕೆಯ ಮೊದಲ ಪುಟಕ್ಕೂ ಸಲ್ಲತಕ್ಕ ವಿಷಯಗಳೇ ಅಲ್ಲವೆ? ಮುಂದೆ ಸ್ವಾತಂತ್ರ್ಯಸಮರದ ಕಾಲದಲ್ಲಿ ಹುಲಕುಂದದ ಭೀಮಕವಿಯು ಗೀಗೀಪದದ ಮೂಲಕ ಚಳುವಳಿಯ ಸಂದೇಶವನ್ನು ಹರಡಿದುದು ಇದೇ ಪರಂಪರೆಯ ಮುಂದುವರಿಕೆ.

ಇವುಗಳಲ್ಲಿ ಸಂಗ್ಯಾನ ಕಥೆಯು ವಿಶೇಷವಾಗಿ ವಿಚಾರಾರ್ಹ. ಗೋಕಾಕದ ದಕ್ಷಿಣಕ್ಕಿರುವ ಬೈಲಹೊಂಗಲದಲ್ಲಿ ನಡೆಯಿತೆನ್ನಲಾದ ಕೊಲೆಯೇ ಇದರ ಬೀಜ. ಈರ್ಯಾನ ಹೆಂಡತಿ ಗಂಗಿಯಲ್ಲಿ ಸಂಗ್ಯಾ ಮನಸ್ಸಿಡುವನು. ಗೆಳೆಯ ಬಾಳ್ಯಾ ಮೊದಲು ನೆರವಾಗಿ ಕಡೆಗೆ ಎರಡೆಣಿಸುವನು. ಗಂಡನ ಕಡೆಯವರಿಂದ ಸಂಗ್ಯಾನ ಕೊಲೆಯಾಗುವುದು. ಈ ಸುದ್ದಿಯು ಲಾವಣಿಯಾಯಿತು; ಪತ್ತಾರ ಮಾಸ್ತರನ ಕೈಯಲ್ಲಿ ಸಣ್ಣಾಟವಾಯಿತು; ಕಂಬಾರರ ಸಂಪಾದನೆಯಿಂದ ಅಚ್ಚಿನ ಪುಸ್ತಕವಾಗಿ ನಗರದ ರಂಗಮಂದಿರವನ್ನೂ ಪ್ರವೇಶಿಸಿತು. ಒಂದೊಂದು ಹಂತದಲ್ಲಿಯೂ ಕಥೆಯ ಭಾರವು ಬೇರೆಬೇರೆ ಕಡೆಗೆ ವಾಲುವುದು ಸ್ವಾಭಾವಿಕ. ಲಾವಣಿಕಾರನಿಗೆ ಬೇಕಾದುದು ನಡೆದ ಸಂಗತಿ. ಆಟದವನಿಗಾದರೋ ರಾತ್ರಿಯೆಲ್ಲ ಕುಳಿತ ಊರಿನ ಜನರೆದುರು ಗಂಗಿ, ಬಾಳ್ಯಾ ಇಬ್ಬರನ್ನೂ ನಿಲ್ಲಿಸಿ ಮಾತನಾಡಿಸಬೇಕಾಗುತ್ತದೆ. ಆಗ ಸುದ್ದಿಯು ಧರ್ಮಾಧರ್ಮದ ಪಂಚಾಯತಿಯಾಗುತ್ತದೆ. ಮಾಧ್ಯಮವು ಬದಲಾದಂತೆ ಅರ್ಥವೂ ಬದಲಾಗುವುದೆಂಬ ತತ್ತ್ವಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕುವುದು ಕಷ್ಟ.

೪

ಕಂಬಾರರು ೧೯೩೭ನೆಯ ಜನವರಿ ೨ರಂದು ಘೋಡಗೇರಿಯ ಕಮ್ಮಾರ ಮನೆತನದಲ್ಲಿ ಜನಿಸಿದರು. ಗೋಕಾಕದಲ್ಲಿ ಓದುತ್ತಿದ್ದಾಗ ಬಡತನದಿಂದ ಶಾಲೆಯನ್ನು ಬಿಡಬೇಕಾಗಲು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. ಧಾರವಾಡದ ಕರ್ಣಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪದವಿಯನ್ನು ಪಡೆದು, ಅರುವತ್ತರ ದಶಕದಲ್ಲಿ ಉತ್ತರ ಕರ್ಣಾಟಕದ ಜನಪದ ರಂಗಭೂಮಿಯನ್ನು ಕುರಿತು ಪ್ರಬಂಧವನ್ನು ರಚಿಸಿ ಡಾಕ್ಟರೇಟ್ ಪದವಿಗೆ ಪಾತ್ರರಾದರು. ಅದೇ ಕಾಲದಲ್ಲಿ, ೧೯೬೪ರಲ್ಲಿ, ಲಾವಣಿಯ ಧಾಟಿಯ ಅವರ ಕಾವ್ಯ ‘ಹೇಳತೇನ ಕೇಳ’ ಪ್ರಕಟವಾಯಿತು. ಕೃತಿಯ ಹೆಸರೇ ಹೇಳುವವನನ್ನೂ ಕೇಳುವವನನ್ನೂ ಒಟ್ಟಿಗೆ ಕಣ್ಣೆದುರಿಗೆ ತರುತ್ತದೆ.

ಕನ್ನಡದಲ್ಲಿ ಜನಪದಸಾಹಿತ್ಯದ ಸಂಗ್ರಹವು ಆ ವೇಳೆಗೆ ಹೊಸದಾಗಿರಲಿಲ್ಲ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದ್ದರು, ಬಿ. ಎಸ್. ಗದ್ದಗಿಮಠರು ಜನಪದಗೀತೆಗಳನ್ನು ವಿಶ್ವವಿದ್ಯಾಲಯದ ಸಂಶೋಧನೆಗೆ ವಿಷಯವಾಗಿಸಿದ್ದರು. ಇವರ ಉಪಕಾರವು ಚಿರಸ್ಮರಣೀಯವೇ ಸರಿ. ಆದರೆ ಹಾಡನ್ನು ಹಾಡುವ ಸಂದರ್ಭದಿಂದ ಬಿಡಿಸಿ ಪದ್ಯವಾಗಿ ಓದಿದರೂ ಅದರ ಸ್ವಾರಸ್ಯ ಬಹುಮಟ್ಟಿಗೆ ಉಳಿಯುತ್ತದೆ. ಆಟದ ಸ್ಥಿತಿ ಹಾಗಲ್ಲ. ಬಯಲು, ಇರುಳು, ಮೇಳ, ವೇಷ, ಎದುರಿಗೆ ಕುಳಿತ ಊರು, ಇವಿಲ್ಲದ ಆಟದ ಪ್ರತಿಯು ಎಣ್ಣೆಬತ್ತಿಗಳಿಲ್ಲದ ಹಣತೆಯಂತೆ. ಆದುದರಿಂದ ಜನಪದ ರಂಗಭೂಮಿಯನ್ನು ವಿಷಯವಾಗಿ ಆರಿಸಿಕೊಂಡವನು ಕೃತಿಯ ಜೊತೆಗೆ ಅದನ್ನು ಕೊಡುವ ಮತ್ತು ಪಡೆಯುವ ಸಮಾಜವನ್ನೂ ವ್ಯಾಸಂಗಮಾಡಲೇಬೇಕಾಗುತ್ತದೆ. ಕಂಬಾರರ ಸಂಶೋಧನೆಯ ಮಹತ್ತ್ವವು ಮೊದಲು ಈ ವಿಷಯದ ಆಯ್ಕೆಯಲ್ಲಿಯೇ ಇದೆ.

ಹೊರನಾಡಿನ ವಿದ್ವತ್ತಿನಲ್ಲಿಯೂ ಆಗ ಇಂತಹುದೇ ವಿಚಾರ ನಡೆದಿದ್ದಿತು. ಮಿಲ್ಮನ್ ಪ್ಯಾರಿಯವರು ೧೯೩೩ರಿಂದ ೧೯೩೫ರ ವರೆಗೆ ಯುಗೊಸ್ಲಾವಿಯದ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು, ಓದುಬರಹವರಿಯದ ಗಾಯಕನು ಮಹಾಕಾವ್ಯವನ್ನು ಪ್ರತಿಸಲವೂ ಹೊಸದಾಗಿಯೇ ಕಟ್ಟುವನೆಂದು ತೋರಿಸಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡರ ಗ್ರಂಥವು ೧೯೬೦ರಲ್ಲಿ ಹೊರಬಂದಿತು. ಮಾಧ್ಯಮದ ಸ್ವರೂಪವೇ ಸಮಾಜವನ್ನು ರೂಪಿಸುವುದೆಂಬ ಮಾರ್ಷಲ್ ಮೆಕ್‌ಲೂಹನರ ವಾದವು ೧೯೬೪ರಲ್ಲಿ ಪ್ರಕಟವಾಯಿತು. ಇವರ ಪ್ರಭಾವವು ಧಾರವಾಡಕ್ಕೆ ಮುಟ್ಟಿತೆಂದು ಇಲ್ಲಿ ಹೇಳುತ್ತಿಲ್ಲ. ಘಟಪ್ರಭೆಯ ದಂಡೆಯಲ್ಲಿ ಆಟವನ್ನು ನೋಡಿ ಬೆಳೆದವನಿಗೆ ಆ ಪ್ರಶ್ನೆಯು ಮನೆಯಂಗಳದಲ್ಲಿಯೇ ದೊರೆಯುವಂತಿದ್ದಿತೆಂಬುದಷ್ಟೇ ಇಲ್ಲಿನ ಅಭಿಪ್ರಾಯ.

೫

ಕಂಬಾರರು ೧೯೬೮-೬೯ರಲ್ಲಿ ಅಮೆರಿಕೆಯ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಅನಂತರ ಎರಡು ದಶಕಗಳಿಗೂ ಮಿಕ್ಕು ಬೆಂಗಳೂರು ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದರು. ‘ಬಯಲಾಟಗಳು’ (೧೯೭೩), ‘ನಮ್ಮ ಜಾನಪದ’ (೧೯೮೦), ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ (೧೯೮೦), ಎರಡು ಸಂಪುಟಗಳ ‘ಕನ್ನಡ ಜಾನಪದ ವಿಶ್ವಕೋಶ’ (೧೯೮೫) ಈ ಅವಧಿಯ ಫಲಗಳು. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ೧೯೯೮ರ ವರೆಗೆ ಸೇವೆಸಲ್ಲಿಸಿದರು. ಅಲ್ಲಿ ಘಟಿಕೋತ್ಸವಕ್ಕೆ ‘ನುಡಿಹಬ್ಬ’ವೆಂದೂ ಗೌರವಪದವಿಗೆ ‘ನಾಡೋಜ’ವೆಂದೂ ಹೆಸರಾಯಿತು. ಹೆಸರುಗಳ ಈ ಮಾರ್ಪಾಡು ಮೇಲುಮೇಲಿನದೆಂದು ತೋರಬಹುದು. ಆದರೆ ಹಸ್ತಪ್ರತಿಶಾಸ್ತ್ರಕ್ಕೂ ಜಾನಪದಕ್ಕೂ ಬುಡಕಟ್ಟುಗಳ ವ್ಯಾಸಂಗಕ್ಕೂ ಒಂದೇ ಸೂರಿನಡಿ ಪ್ರತ್ಯೇಕ ವಿಭಾಗಗಳು ದೊರೆತುದು ಮೇಲುಮೇಲಿನ ಸಂಗತಿಯಲ್ಲ; ಬರೆದುದಕ್ಕೂ ಆಡಿದುದಕ್ಕೂ ವಿದ್ಯಾಪೀಠದಲ್ಲಿ ಸಮಾನ ಪೀಠ ದೊರೆಯಿತೆಂದೇ ಅದರ ಅರ್ಥ.

ಇದೇ ವಿದ್ವಾಂಸರು ಆಟದ ಸತ್ತ್ವವನ್ನು ಇತರ ಮಾಧ್ಯಮಗಳಿಗೂ ಸಾಗಿಸಿದರು. ಭಾದ್ರಪದದ ಜೋಕುಮಾರನ ಆಚರಣೆಯನ್ನು ಗೌಡ ಮತ್ತು ಉಳುವವರ ನಡುವಣ ಭೂಮಿಯ ಪ್ರಶ್ನೆಯೊಡನೆ ಹೆಣೆದ ‘ಜೋಕುಮಾರಸ್ವಾಮಿ’ಯು ೧೯೭೨ರಲ್ಲಿ ನಗರದ ಪ್ರೇಕ್ಷಕರನ್ನು ಬೆರಗುಗೊಳಿಸಿತು. ಅವರೇ ನಿರ್ದೇಶಿಸಿದ ‘ಕಾಡುಕುದುರೆ’ ಚಲಚ್ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ೧೯೭೮ನೆಯ ಸಾಲಿನ ರಾಷ್ಟ್ರಪ್ರಶಸ್ತಿ ದೊರೆಯಿತು. ಘಟಪ್ರಭೆಯ ಸೀಮೆಯ ಧಾಟಿಯೊಂದು ಹೀಗೆ ಧ್ವನಿಮುದ್ರಿಕೆಯ ಮೂಲಕ ಆ ಸೀಮೆಯನ್ನು ಕಾಣದವರ ಕಿವಿಯನ್ನೂ ಸೇರಿತು.

೬

ಇಲ್ಲಿ ಒಂದು ಪೂರ್ವಪಕ್ಷವನ್ನು ಪರಿಶೀಲಿಸತಕ್ಕುದು. ಹಳ್ಳಿಯ ಆಟವು ನಗರದ ನಾಟಕಕ್ಕೂ ಚಲಚ್ಚಿತ್ರಕ್ಕೂ ಕಚ್ಚಾಸಾಮಗ್ರಿಯಾದರೆ ಕೀರ್ತಿ ನಗರಕ್ಕೆ, ಹಸಿವು ಮೇಳಕ್ಕೆ ಎಂಬಂತಾಗದೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಊರು ತನ್ನ ಖರ್ಚಿನಿಂದ ಆಡಿಸಿ, ತಾನೇ ನೋಡಿ, ತಾನೇ ಗುಣದೋಷಗಳನ್ನು ಹೇಳುವ ಏರ್ಪಾಡೇ ಬಯಲಾಟದ ಪ್ರಾಣ. ಪೆಟ್ಟಿಗೆಯಲ್ಲಿ ತುಂಬಿಟ್ಟ ಧ್ವನಿಗೆ ಎದುರಿನವರ ಕೂಗು ಕೇಳಿಸದು. ೧೯೫೦ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದ ಬಳಿಕ ಹಳ್ಳಿಯ ಹಾಡು ದೂರದೂರಕ್ಕೆ ಮುಟ್ಟಿತು. ಅದರೊಡನೆ ಇರುಳೆಲ್ಲ ಹರಡುವ ಆಟಕ್ಕೆ ಗಡಿಯಾರದ ಅಳತೆಯೂ ಬಿದ್ದಿತು. ಲಾಭನಷ್ಟಗಳೆರಡೂ ಒಂದೇ ತಂತಿಯ ಮೇಲೆ ಬಂದುವು.

ಆದರೆ ಮಾಧ್ಯಮಾಂತರವು ನಿನ್ನೆಮೊನ್ನೆಯ ರೋಗವಲ್ಲ. ಅಪರಾಳದವನ ಕೃತಿಯು ಕುಲಗೋಡದವನ ಕೈಯಲ್ಲಿ ಆಟವಾದುದೂ, ಲಾವಣಿಯ ಸಂಗ್ಯಾನು ಸಣ್ಣಾಟದ ಸಂಗ್ಯಾನಾದುದೂ ಮಾಧ್ಯಮಾಂತರವೇ. ಆಟವು ಎಂದಿನಿಂದಲೂ ತನ್ನ ಕಾಲದ ಇತರ ಸಾಧನಗಳೊಡನೆ ಕೊಳುಕೊಡೆ ನಡಸಿಯೇ ಬದುಕಿತು. ಅಪಾಯವಿರುವುದು ಬದಲಾವಣೆಯಲ್ಲಲ್ಲ, ಅಚ್ಚಾದ ಒಂದು ಪ್ರತಿಯನ್ನೋ ಮುದ್ರಿಸಿಕೊಂಡ ಒಂದು ರಾತ್ರಿಯನ್ನೋ ಇದೇ ಶುದ್ಧವಾದ ಆಟವೆಂದು ವಿದ್ವಾಂಸರು ನಿರ್ಣಯಿಸಿ, ಉಳಿದವನ್ನು ಅಪಪಾಠಗಳೆಂದು ತಳ್ಳಿಹಾಕುವುದರಲ್ಲಿ.

ಪಂಪನ ಕಾವ್ಯವನ್ನು ಸಂಪಾದಿಸುವವನು ಹಲವು ಪ್ರತಿಗಳನ್ನು ಹೋಲಿಸಿ ಕವಿಯ ಮೂಲಪಾಠದ ಹತ್ತಿರಕ್ಕೆ ಹೋಗಲೆಳಸುವನು. ಪಾರಿಜಾತವನ್ನು ಸಂಪಾದಿಸುವವನಿಗೆ ಅಂತಹ ಒಂದೇ ಮೂಲಪಾಠವು ಗುರಿಯಾಗಲಾರದು. ಒಂದೂರಿನ ಜಾತ್ರೆಯಲ್ಲಿ ಆಡಿದ ಪಾರಿಜಾತವೂ ನೆರೆಯೂರಿನ ಕಟ್ಟೆಯ ಮುಂದೆ ಆಡಿದ ಪಾರಿಜಾತವೂ ಎರಡು ಪಾಠಗಳು, ಎರಡೂ ಪ್ರಮಾಣಗಳು. ಅವುಗಳ ವ್ಯತ್ಯಾಸವನ್ನು ವಿವರಿಸಲು ಲಿಪಿಕಾರನ ಕೈತಪ್ಪನ್ನಲ್ಲ, ಆ ಊರಿನ ಜನ, ಜಾತಿ, ಬೆಳೆ, ಜಗಳ, ಭಕ್ತಿಗಳನ್ನು ವಿಚಾರಿಸಬೇಕಾಗುತ್ತದೆ. ಗ್ರಂಥಸಂಪಾದನೆಯು ಸಮಾಜಶಾಸ್ತ್ರದ ಕೈಹಿಡಿಯುವುದು ಇಲ್ಲಿಯೇ. ಕಂಬಾರರ ವಿದ್ವದ್ವೃತ್ತಿಯಿಂದ ಕನ್ನಡ ಅಧ್ಯಾಪಕರು ಕಲಿಯತಕ್ಕ ಮುಖ್ಯ ಪಾಠವೂ ಇದೇ.

ಕಂಬಾರರಿಗೆ ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ೨೦೧೮ರಿಂದ ೨೦೨೩ರ ವರೆಗೆ ಅವರು ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಈ ಗೌರವಗಳು ಕವಿಗೆ ಸಂದುವು. ವಿದ್ವಾಂಸನಿಗೆ ಸಲ್ಲತಕ್ಕ ಗೌರವವು ಬೇರೆಯದು. ಅದು ಅವನ ಪ್ರಶ್ನೆಯನ್ನು ಮುಂದಿನವರು ಎತ್ತಿಕೊಳ್ಳುವುದು. ಕೈಯೊಳಗಿನ ದೂರವಾಣಿಯಲ್ಲಿಯೇ ದೃಶ್ಯವನ್ನೂ ಧ್ವನಿಯನ್ನೂ ಹಿಡಿದಿಡಬಲ್ಲ ಈ ಕಾಲದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಾಲೆಕಾಲೇಜುಗಳ ಅಧ್ಯಾಪಕರು ತಮ್ಮ ಊರಿನ ಒಂದೊಂದು ಆಟವನ್ನು, ಆಡಿದ ದಿನ, ಸ್ಥಳ, ಮೇಳ, ನೆರೆದ ಜನ ಇವುಗಳ ವಿವರದೊಡನೆ ದಾಖಲಿಸಿ, ಮುಂದಿನ ವರ್ಷದ ಅದೇ ಆಟದೊಡನೆ ಹೋಲಿಸಿ ನೋಡಿದರೆ, ಓಲೆಗರಿಗಳಿಗೆ ಸಂದ ಆದರವು ಆಡುವ ನಾಲಗೆಗೂ ಸಂದಂತಾಗುವುದು.